ಮೊರದ ಮೇಲೆ ಇಡೀ ದೇಶ

ಪ್ರವಾಸದ ಪ್ಲಾನ್ ಹಾಕಿಕೊಡೋದು ನನ್ನ ಕೆಲಸ. ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇದೇ ಹೊಟ್ಟೆಪಾಡು. ಹೊರದೇಶದವರು ಟಿಕೆಟ್ ತೆಗೆಯುವ ಮೊದಲು ಒಂದು ಪಟ್ಟಿ ಕಳಿಸುತ್ತಾರೆ. ಹಿಂದೊಮ್ಮೆ ನೆದರ್ಲೆಂಡ್ಸಿನ ಗಂಡಹೆಂಡತಿ ಕಳಿಸಿದ ಪಟ್ಟಿ ಹೀಗಿತ್ತು: ಸೋಮವಾರ ಮೈಸೂರು ಅರಮನೆ, ಮಂಗಳವಾರ ತಾಜ್ ಮಹಲ್, ಬುಧವಾರ ಲೇಹ್, ಗುರುವಾರ ಗೋವಾ. ಶುಕ್ರವಾರ ವಿಶ್ರಾಂತಿ ಎಂದು ಬೇರೆ ಬರೆದಿದ್ದರು. ಗುರುವಾರದ ತನಕ ಜೀವ ಇದ್ದರೆ ತಾನೇ ವಿಶ್ರಾಂತಿ!

ಇದರಲ್ಲಿ ಅವರ ತಪ್ಪೇನೂ ಇಲ್ಲ. ಫೋನಿನಲ್ಲಿ ನೋಡಿದರೆ ಇಂಡಿಯಾ ಅಂಗೈ ಅಗಲ ಕಾಣುತ್ತೆ. ಕರ್ನಾಟಕ ಒಂದೇ ಅವರ ದೇಶದ ನಾಲ್ಕು ಪಟ್ಟಿಗಿಂತ ಜಾಸ್ತಿ ಇದೆ ಎಂದು ಅವರಿಗೆ ಯಾರೂ ಹೇಳಿರಲ್ಲ. ಈಗ ಮೈಸೂರು, ಮಂಡ್ಯ ಕಡೆಯ ಎಷ್ಟೋ ಮನೆಗಳಿಗೆ ಇಂಥ ಅತಿಥಿಗಳು ಬರುತ್ತಿದ್ದಾರೆ. ಮಗನ ಆಫೀಸಿನವರು, ಮಗಳ ಜೊತೆ ಓದಿದವರು, ಗೋಕುಲಂನಲ್ಲಿ ಯೋಗ ಕಲಿಯೋಕೆ ಬಂದು ಪರಿಚಯ ಆದವರು. "ನಿಮ್ಮ ದೇಶ ಹೇಗಿದೆ?" ಎಂದು ಅವರು ಕೇಳಿದರೆ ನಾವು ರಾಜ್ಯಗಳ ಹೆಸರು ಶುರು ಮಾಡುತ್ತೇವೆ. ಇಷ್ಟು ರಾಜ್ಯ, ಇಷ್ಟು ಭಾಷೆ, ಇಷ್ಟು ಕಿಲೋಮೀಟರ್. ಕೇಳುವವರ ಕಣ್ಣು ಎರಡು ನಿಮಿಷದಲ್ಲಿ ಎಲ್ಲೋ ಹೋಗಿರುತ್ತೆ.

ನಾನು ಆ ದಾರಿ ಬಿಟ್ಟು ಬಹಳ ಕಾಲ ಆಯಿತು. ಈಗ ಹೇಳಿಕೊಡೋದು ಎರಡೇ ಸಂಗತಿ. ನೀವು ಹೋಗುವ ಜಾಗ ಎಷ್ಟು ಎತ್ತರದಲ್ಲಿದೆ? ಅಲ್ಲಿಗೆ ನೀರು ಯಾವ ತಿಂಗಳು, ಎಲ್ಲಿಂದ ಬರುತ್ತೆ? ಇವೆರಡು ಗೊತ್ತಾದರೆ ಯಾವಾಗ ಹೋಗಬೇಕು, ಎಷ್ಟು ಹೊತ್ತು ಹಿಡಿಯುತ್ತೆ, ಯಾವ ಬಟ್ಟೆ ಬೇಕು, ಅಲ್ಲಿ ಏನು ತಿನ್ನುತ್ತಾರೆ ಅನ್ನೋದೆಲ್ಲ ಹಿಂದೆಯೇ ಬರುತ್ತೆ.

ಎತ್ತರಕ್ಕೆ ನನ್ನ ಮೊದಲ ಉದಾಹರಣೆ ಊಟಿ. ಮೈಸೂರಿನಿಂದ ಬೆಂಗಳೂರು 145 ಕಿಲೋಮೀಟರ್ ಆಸುಪಾಸು. ಊಟಿ 125. ಹತ್ತಿರದ್ದು ಯಾವುದು? ಎಲ್ಲರೂ ಊಟಿ ಅಂತಾರೆ. ಹೊಸ ಹೈವೇಯಲ್ಲಿ ಬೆಂಗಳೂರಿನ ಅಂಚಿಗೆ ಎರಡು ಗಂಟೆಯೊಳಗೆ ಮುಟ್ಟಬಹುದು. ಊಟಿಗೆ ನಾಲ್ಕು ಗಂಟೆ ಇಟ್ಟುಕೊಳ್ಳಬೇಕು. ಏಕೆಂದರೆ ಮೈಸೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ, ಊಟಿ 2,240 ಮೀಟರ್. ಅಂದರೆ ಸುಮಾರು ಒಂದೂವರೆ ಕಿಲೋಮೀಟರ್ ಮೇಲಕ್ಕೆ ಹತ್ತಬೇಕು. ಮಸಿನಗುಡಿ ಕಡೆಯಿಂದ ಹೋದರೆ ಕಲ್ಲಟ್ಟಿಯಲ್ಲಿ 36 ತಿರುವು. ಮೇಲಾಗಿ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಅಲ್ಲಿ ಆನೆಗೆ ದಾರಿ ಬಿಡಬೇಕು. ಇದು ಕಿಲೋಮೀಟರ್ ಲೆಕ್ಕದಲ್ಲಿ ಎಲ್ಲಿ ಕಾಣುತ್ತೆ?

ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರು ಡಿಗ್ರಿ ಸೆಕೆ ಕಡಿಮೆ ಆಗುತ್ತೆ. ಇದನ್ನು ಹೇಳಿದ ಮೇಲೆ ನಾನು ಕೇಳುವ ಪ್ರಶ್ನೆ: ಮೇ ತಿಂಗಳಲ್ಲಿ ಮೈಸೂರು ಬಿಸಿಯೋ, ದೆಹಲಿ ಬಿಸಿಯೋ? ಯುರೋಪಿನವರ ತಲೆಯಲ್ಲಿ ಬಡಗಣ ಎಂದರೆ ಚಳಿ, ತೆಂಕಣ ಎಂದರೆ ಬಿಸಿ. ಆದರೆ ದೆಹಲಿ ಸಮುದ್ರದಿಂದ ಅಷ್ಟು ದೂರ ಒಳನಾಡಿನಲ್ಲಿದ್ದರೂ ಎತ್ತರ 216 ಮೀಟರ್ ಮಾತ್ರ. ಮೈಸೂರಿನ ಮೂರನೇ ಒಂದು ಭಾಗವೂ ಇಲ್ಲ. ಗಂಗೆಯ ಬಯಲು ಅಷ್ಟು ತಗ್ಗು, ಅಷ್ಟು ಚಪ್ಪಟೆ. ಸೆಕೆಯನ್ನು ತಣಿಸೋಕೆ ಎತ್ತರವೂ ಇಲ್ಲ, ಸಮುದ್ರವೂ ಹತ್ತಿರ ಇಲ್ಲ. ಹಾಗಾಗಿ ಮೇನಲ್ಲಿ 45 ಡಿಗ್ರಿ ಮುಟ್ಟುತ್ತೆ. ಅದೇ ಬಯಲು ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜು ಮುಸುಕಿ ಮಲಗಿರುತ್ತೆ. ಆಗ ರೈಲುಗಳು ಗಂಟೆಗಟ್ಟಲೆ ತಡ. ಕ್ರಿಸ್ಮಸ್ ರಜೆಯಲ್ಲಿ ಆಗ್ರಾಕ್ಕೆ ಬೆಳಗ್ಗೆ ಹೋಗಿ ಸಂಜೆ ಬರುತ್ತೇವೆ ಅನ್ನುವವರಿಗೆ ನಾನು ಸುಮ್ನೆ ಒಂದು ರಾತ್ರಿ ಜಾಸ್ತಿ ಹಾಕಿಬಿಡುತ್ತೇನೆ.

ಅತಿಥಿ ಬಂದ ಮರುದಿನವೇ ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗಿ. ಪೂಜೆ ಆದ ಮೇಲೆ ಊರು ಕಾಣುವ ಕಡೆ ಒಂದರ್ಧ ಗಂಟೆ ನಿಲ್ಲಿಸಿಕೊಳ್ಳಿ. ಬೆಟ್ಟದ ತುದಿ ಸುಮಾರು 1,060 ಮೀಟರ್. ನೆದರ್ಲೆಂಡ್ಸಿನವರಿಗೆ ನಾನು ಹೇಳಿದ್ದು, ಯುರೋಪಿನಲ್ಲಿರುವ ನಿಮ್ಮ ನೆಲದ ಅತಿ ಎತ್ತರದ ಗುಡ್ಡ 322 ಮೀಟರ್, ಕೆಳಗೆ ಕಾಣುವ ಮೈಸೂರಿನ ರಸ್ತೆಗಳೇ ಅದರ ಎರಡು ಪಟ್ಟು ಎತ್ತರದಲ್ಲಿವೆ ಎಂದು. ಆಕೆ ಕೆಳಗೆ ನೋಡಿ, "ಆದರೆ ಇದು ಬಯಲು!" ಅಂದರು. ಹೌದು, ಬಯಲೇ. ಎತ್ತರದ ಮೇಲಿರುವ ಬಯಲು. ಅದಕ್ಕೇ ಬಯಲುಸೀಮೆ ಅನ್ನುತ್ತೇವೆ. ಪುಸ್ತಕದಲ್ಲಿ ದಖ್ಖನ್ ಪ್ರಸ್ಥಭೂಮಿ ಅಂತ ಇರುತ್ತೆ. ಆ ಪದವನ್ನು ಇಂಗ್ಲಿಷಿನಲ್ಲಿ ಹೇಳಿದರೂ ಅವರ ಕಣ್ಣಿಗೆ ಕಟ್ಟುವುದಿಲ್ಲ.

ಕಣ್ಣಿಗೆ ಕಟ್ಟೋದು ಮೊರ. ನನ್ನ ಆಫೀಸಿನ ಗೋಡೆಗೆ ಒಂದು ಬಿದಿರಿನ ಮೊರ ನೇತು ಹಾಕಿದ್ದೇನೆ. ಗೌರಿ ಹಬ್ಬದ ಬಾಗಿನಕ್ಕೆ ತಂದಿದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ನನ್ನ ನಕ್ಷೆ. ಮೊರದ ಹಿಂಬದಿಗೆ ಎತ್ತರದ ಕಟ್ಟು ಇರುತ್ತೆ, ಮುಂಬದಿ ಬಾಯಿ ತೆರೆದಿರುತ್ತೆ. ಹಿಂಬದಿಯನ್ನು ಪಡುವಲಿಗೆ ಇಟ್ಟು ಸ್ವಲ್ಪ ಎತ್ತಿ ಹಿಡಿಯಿರಿ. ಆ ಕಟ್ಟೇ ಪಶ್ಚಿಮ ಘಟ್ಟ. ಗುಜರಾತಿನ ಗಡಿಯಿಂದ ಕನ್ಯಾಕುಮಾರಿ ಕಡೆಗೆ 1,600 ಕಿಲೋಮೀಟರ್ ಉದ್ದ. ಮೊರದೊಳಗೆ ನಾಲ್ಕು ಕಾಳು ಹಾಕಿ ಅಲ್ಲಾಡಿಸಿ. ಎಲ್ಲ ಮೂಡಲಿಗೆ ಜಾರುತ್ತವೆ. ಕಾವೇರಿ, ಕೃಷ್ಣಾ, ಗೋದಾವರಿ ಜಾರುವುದೂ ಹೀಗೆಯೇ.

ಕಾವೇರಿಯ ಕಥೆ ಕೇಳಿ ಬೆರಗಾಗದವರನ್ನು ನಾನು ನೋಡಿಲ್ಲ. ತಲಕಾವೇರಿಯಿಂದ ಅರಬ್ಬಿ ಸಮುದ್ರ ನೇರ ಹಾರಿದರೆ ಐವತ್ತು ಕಿಲೋಮೀಟರಿನ ಆಸುಪಾಸು. ಪಕ್ಕದಲ್ಲೇ ಸಮುದ್ರ ಇಟ್ಟುಕೊಂಡು ಈ ಹೊಳೆ ಬೆನ್ನು ತಿರುಗಿಸಿ 800 ಕಿಲೋಮೀಟರ್ ನಡೆದು ತಮಿಳುನಾಡಿನ ಪೂಂಪುಹಾರ್ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತೆ. ಮೊರದ ಕಟ್ಟಿನ ಒಳಗೆ ಹುಟ್ಟಿದ ತಪ್ಪಿಗೆ, ಅಷ್ಟೇ. ಕಟ್ಟಿನ ಹೊರಗೆ ಇಳಿದವು ಬೇರೆ ಜಾತಿ. ನೇತ್ರಾವತಿ, ಶರಾವತಿ ಕಡಿಮೆ ದೂರ ಓಡಿ ಧುಮುಕಿ ಸಮುದ್ರ ಸೇರುತ್ತವೆ. ಶರಾವತಿ ಜೋಗದಲ್ಲಿ 253 ಮೀಟರ್ ಬೀಳುವುದು ಅದೇ ಅವಸರಕ್ಕೆ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಕಿವಿ ಗುಂಯ್ ಅನ್ನುತ್ತಲ್ಲ, ಆಗ ನೀವೂ ಮೊರದಾಚೆ ಇಳಿಯುತ್ತಿದ್ದೀರಿ. (ನರ್ಮದೆ, ತಾಪಿ ಮಾತ್ರ ದೊಡ್ಡ ನದಿಗಳಾದರೂ ಪಡುವಲಿಗೆ ಹರಿಯುತ್ತವೆ. ಭೂಮಿ ಬಿರಿದು ಕುಸಿದ ಕಣಿವೆಯಲ್ಲಿ ಅವುಗಳ ದಾರಿ. ಯಾರಾದರೂ ಕೇಳಿದರೆ ಹೇಳುತ್ತೇನೆ, ಕೇಳದಿದ್ದರೆ ಇಲ್ಲ.)

ಈಗ ಮಳೆ. "ಜೂನ್ ಮಾನ್ಸೂನ್, ಬರಬೇಡಿ" ಎಂದು ಹೊರದೇಶದ ಪ್ರವಾಸದ ಪುಸ್ತಕಗಳು ಒಂದೇ ಮಾತಲ್ಲಿ ಮುಗಿಸುತ್ತವೆ. ಇದು ಅರ್ಧ ಸತ್ಯ. ಜೂನ್ 1ರ ಹೊತ್ತಿಗೆ ಕೇರಳಕ್ಕೆ ಬರುವ ಮೋಡ ಪಡುವಣ ಗಾಳಿ ಹಿಡಿದು ಬರುತ್ತೆ. ಮೊದಲು ಸಿಗೋದು ಮೊರದ ಕಟ್ಟು. ಮೋಡ ಅದನ್ನು ಹತ್ತಬೇಕು, ಹತ್ತಿದಂತೆ ತಣ್ಣಗಾಗಬೇಕು, ತಣ್ಣಗಾದರೆ ಸುರಿಯಲೇಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತೆ. ಮಡಿಕೇರಿಯಲ್ಲಿ 3,000ಕ್ಕೂ ಮೇಲೆ. ಅಲ್ಲಿಂದ 120 ಕಿಲೋಮೀಟರ್ ಈಚೆ ಇರುವ ಮೈಸೂರಿಗೆ ಬರುವಾಗ ಮೋಡದ ಜೋಳಿಗೆ ಖಾಲಿ. ನಮಗೆ ವರ್ಷಕ್ಕೆ ಸಿಗೋದು 800 ಮಿಲಿಮೀಟರ್ ಸುತ್ತಮುತ್ತ.

ಹಾಗಾಗಿ ಜುಲೈನಲ್ಲಿ ಮೈಸೂರಿಗೆ ಬಂದರೆ ಏನೂ ನಷ್ಟ ಇಲ್ಲ. ಆಷಾಢದ ಗಾಳಿ, ತುಂತುರು, ಮೋಡ. ಓಡಾಡೋಕೆ ಬಹಳ ಹಿತ. ಆಷಾಢ ಶುಕ್ರವಾರ ಮಾತ್ರ ಬೆಟ್ಟದ ಕಡೆ ಕರೆದುಕೊಂಡು ಹೋಗಬೇಡಿ. ಆ ನೂಕುನುಗ್ಗಲಲ್ಲಿ ಭೂಗೋಳ ಹೇಳೋಕಾಗಲ್ಲ. ನಮ್ಮೂರಿಗೆ ಜೋರು ಮಳೆ ಬರೋದು ಮೇನಲ್ಲಿ ಗುಡುಗು ಸಿಡಿಲಿನ ಜೊತೆ, ಆಮೇಲೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ದಸರಾದಲ್ಲಿ ಕೊಡೆ ಹಿಡಿದು ಜಂಬೂಸವಾರಿ ನೋಡಿದ್ದೇವೆ, ಅಲ್ವಾ? "ಮಾನ್ಸೂನ್ ಮುಗಿಯಲಿ ಅಂತ ಅಕ್ಟೋಬರಿಗೆ ಬುಕ್ ಮಾಡಿದೆವು" ಎನ್ನುವವರಿಗೆ ನಾನು ಮೊದಲೇ ಕೊಡೆ ತರಲು ಹೇಳುತ್ತೇನೆ. ಅದೇ ಪ್ರವಾಸ ಮುಂದುವರಿಸಿ ಚೆನ್ನೈಗೆ ಹೋದರಂತೂ ಅಲ್ಲಿ ಅಕ್ಟೋಬರಿನಿಂದ ಡಿಸೆಂಬರ್ ತನಕ ನಿಜವಾದ ಮಳೆಗಾಲ. ಗಾಳಿ ದಿಕ್ಕು ಬದಲಿಸಿ ಬಂಗಾಳ ಕೊಲ್ಲಿಯಿಂದ ಬೀಸುತ್ತಿರುತ್ತೆ.

ಜುಲೈ, ಆಗಸ್ಟಿನಲ್ಲಿ ರಜೆ ಇರುವವರನ್ನು ನಾನು ಲಡಾಖಿಗೆ ಕಳಿಸುತ್ತೇನೆ. ಕೇಳಿದವರು ತಬ್ಬಿಬ್ಬಾಗುತ್ತಾರೆ. ಮಳೆಗಾಲದಲ್ಲಿ ಹಿಮಾಲಯವೇ? ಹುಣಸೂರಿನವರಿಗೆ ಇದು ಬೇಗ ಅರ್ಥ ಆಗುತ್ತೆ, ಏಕೆಂದರೆ ಕೊಡಗಿನಲ್ಲಿ ಸುರಿದ ಮೋಡ ತಮ್ಮೂರಿಗೆ ಬರುವಾಗ ಹೇಗೆ ಹಗುರ ಆಗುತ್ತೆ ಅಂತ ಅವರು ಪ್ರತಿ ವರ್ಷ ನೋಡುತ್ತಾರೆ. ಅಲ್ಲೂ ಅದೇ ಆಟ. ಕಟ್ಟು ಮಾತ್ರ ದೊಡ್ಡದು. ಹಿಮಾಲಯ ಮೋಡವನ್ನು ಈಚೆ ಬದಿಯಲ್ಲೇ ಹಿಂಡಿಬಿಡುತ್ತೆ. ಆಚೆ ಬದಿಯ ಲೇಹ್‌ಗೆ ವರ್ಷಕ್ಕೆ ಸಿಗೋದು 100 ಮಿಲಿಮೀಟರ್ ಆಸುಪಾಸು. ಹಿಮಾಲಯದ ಈಚೆಗಿನ ಊರುಗಳಲ್ಲಿ ಗುಡ್ಡ ಕುಸಿಯುವ ಕಾಲದಲ್ಲಿ ಲೇಹ್ ಆಕಾಶ ನೀಲಿ.

ಲೇಹ್ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಶುರುವಿನ ವರ್ಷಗಳಲ್ಲಿ ಮಂಡ್ಯದ ಒಂದು ಕುಟುಂಬವನ್ನು ದೆಹಲಿಯಿಂದ ವಿಮಾನದಲ್ಲಿ ನೇರ ಲೇಹ್‌ಗೆ ಕಳಿಸಿದೆ. ಮರುದಿನವೇ ಖರ್ದುಂಗ್ ಲಾ. ಲೇಹ್ 3,500 ಮೀಟರ್, ಆ ಕಣಿವೆದಾರಿ 5,300 ಮೀಟರಿಗೂ ಮೇಲೆ. ದೆಹಲಿಯ 216ರಿಂದ ಎರಡು ದಿನದಲ್ಲಿ ಅಲ್ಲಿಗೆ! ರಾತ್ರಿ ಹತ್ತಕ್ಕೆ ಫೋನ್ ಬಂತು. "ಅಣ್ಣಾ, ಅಮ್ಮಂಗೆ ತಲೆ ಸಿಡೀತಾ ಐತೆ, ವಾಂತಿ ನಿಲ್ತಾ ಇಲ್ಲ." ಆಕ್ಸಿಜನ್ ಕೊಟ್ಟು, ಮರುದಿನ ವಿಮಾನದಲ್ಲಿ ಕೆಳಗೆ ಕರೆತರಬೇಕಾಯಿತು. ಆವತ್ತಿನಿಂದ ನನ್ನ ನಿಯಮ: ಲೇಹ್‌ನಲ್ಲಿ ಮೊದಲ ಎರಡು ದಿನ ಏನೂ ಇಲ್ಲ. ನೀರು ಕುಡಿಯಿರಿ, ಮಲಗಿ. ದುಡ್ಡು ಕೊಟ್ಟು ಮಲಗೋಕೆ ಹೋಗಬೇಕಾ ಅಂತ ಬೈಯುವವರು ಬೈಯಲಿ.

ಇನ್ನೊಂದು ತಪ್ಪು ನಮ್ಮ ಪಕ್ಕದ ಮಂಡ್ಯ ಜಿಲ್ಲೆಯಲ್ಲೇ ಆಯಿತು. ಮಾರ್ಚಿನಲ್ಲಿ ಒಬ್ಬರನ್ನು ಮಳವಳ್ಳಿ ದಾಟಿ ಶಿವನಸಮುದ್ರಕ್ಕೆ ಕಳಿಸಿದೆ. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟ ಜಲಪಾತ ಎಂದು ಜೋರಾಗಿ ವರ್ಣಿಸಿದ್ದೆ. ಅವರು ಗಗನಚುಕ್ಕಿಯ ಮುಂದೆ ನಿಂತು ಫೋಟೊ ಕಳಿಸಿದರು. ಬಂಡೆ, ಬಂಡೆ, ನಡುವೆ ಜನಿವಾರದಷ್ಟು ನೀರು. ನಮ್ಮ ಹೊಳೆಗಳು ಮಳೆ ನಂಬಿದವು, ಹಿಮ ನಂಬಿದವಲ್ಲ. ಹೃಷಿಕೇಶದಲ್ಲಿ ಬೇಸಿಗೆಯಲ್ಲೂ ಗಂಗೆ ಹಿಮ ಕರಗಿ ಬರುತ್ತಾಳೆ. ಕಾವೇರಿಗೆ ಆ ಠೇವಣಿ ಇಲ್ಲ. ಮೇಲಿಂದ ಕಟ್ಟೆಯಲ್ಲಿ ನೀರು ಹಿಡಿದಿರುತ್ತಾರೆ. ಜಲಪಾತ ನೋಡಬೇಕಾದರೆ ಜುಲೈನಿಂದ ಸೆಪ್ಟೆಂಬರ್ ಒಳಗೆ, ಅದೂ ಪೇಪರಿನಲ್ಲಿ ಕೆಆರ್‌ಎಸ್ ಮಟ್ಟ ನೋಡಿಕೊಂಡು.

ಕಟ್ಟೆ ಎಂದರೆ ಕನ್ನಂಬಾಡಿ, ಅದೇ ಕೆಆರ್‌ಎಸ್. ಮಂಡ್ಯದವರಿಗೆ 124.80 ಎಂದರೆ ಸಾಕು, ಕಟ್ಟೆ ತುಂಬಿತು ಅಂತ ಅರ್ಥ, ಅಡಿ ಅಂತ ಹೇಳೋದೇ ಬೇಡ. ಆದರೆ ಅತಿಥಿಗೆ ಇದನ್ನು ನಿಧಾನವಾಗಿ ಹೇಳಬೇಕು. ಬೆಂಗಳೂರಿನಿಂದ ಬರುವಾಗ ರೈಲಿನ ಕಿಟಕಿ ಪಕ್ಕ ಕೂರಿಸಿ. ರಾಮನಗರದಲ್ಲಿ ಬೋಳು ಬಂಡೆ ಗುಡ್ಡಗಳು. ಆ ಬಂಡೆಗೆ ಸುಮಾರು 250 ಕೋಟಿ ವರ್ಷ. ಹಿಮಾಲಯ ಏಳಲು ಶುರುವಾಗಿದ್ದು ಐದು ಕೋಟಿ ವರ್ಷದ ಹಿಂದೆ, ಇನ್ನೂ ಬೆಳೆಯುತ್ತಿರುವ ಹುಡುಗ. ನಮ್ಮ ಗುಡ್ಡ ಅವನ ಮುತ್ತಾತನಿಗೂ ಮುತ್ತಾತ, ಸವೆದು ಸವೆದು ಕುಳ್ಳಗಾಗಿದೆ. ಮದ್ದೂರು ವಡೆ ಕೈಗೆ ಬರುವ ಹೊತ್ತಿಗೆ ಕಿಟಕಿಯಾಚೆ ಬಣ್ಣ ಬದಲಾಗುತ್ತೆ. ಗದ್ದೆ, ಕಬ್ಬು, ತೆಂಗು. ಮಳೆ ಹೆಚ್ಚಾಗಿ ಬಂದು ಹಸಿರಾಗಿದ್ದಲ್ಲ ಇದು. ಇಲ್ಲೂ ರಾಗಿ, ಹುರುಳಿ ಬೆಳೆಯುವಷ್ಟೇ ಮಳೆ. 1911ರಲ್ಲಿ ಕಟ್ಟೆ ಕೆಲಸ ಶುರುವಾಗಿ, ಆಮೇಲೆ ವಿಶ್ವೇಶ್ವರಯ್ಯ ನಾಲೆ ಹರಿದ ಮೇಲೆ ಬಂದ ಹಸಿರು. ಜುಲೈನಲ್ಲಿ ಮಂಡ್ಯದ ರೈತ ತಲೆ ಎತ್ತಿ ತನ್ನ ಆಕಾಶ ನೋಡುವುದಕ್ಕಿಂತ ಜಾಸ್ತಿ ಕೊಡಗಿನ ಸುದ್ದಿ ಕೇಳುತ್ತಾನೆ. ಭಾಗಮಂಡಲ ಮುಳುಗಿದರೆ ಇಲ್ಲಿ ನಾಟಿ. ನಾಲೆಯ ಈಚೆ ಅನ್ನ, ನಾಲೆ ಹತ್ತದ ದಿಬ್ಬದಲ್ಲಿ ಮುದ್ದೆ. ಒಂದೇ ಊರಿನಲ್ಲಿ ಎರಡು ಊಟ ಯಾಕೆ ಅಂತ ಅತಿಥಿ ಕೇಳಿದರೆ ಹೊಲದ ಎತ್ತರ ತೋರಿಸಿ.

ಗಡಿಯಾರದ ಮಾತೂ ಒಂದಿದೆ. ಅರುಣಾಚಲಕ್ಕೂ ಗುಜರಾತಿಗೂ ಸೂರ್ಯ ಹುಟ್ಟುವುದರಲ್ಲಿ ಸುಮಾರು ಎರಡು ಗಂಟೆ ವ್ಯತ್ಯಾಸ, ಗಡಿಯಾರ ಮಾತ್ರ ಒಂದೇ. ಅರುಣಾಚಲಕ್ಕೆ ಹೋಗುವವರು ಚಳಿಗಾಲದಲ್ಲಿ ಸಂಜೆ ಐದರೊಳಗೆ ಕೋಣೆ ಸೇರಿಕೊಳ್ಳುವಂತೆ ಪ್ಲಾನ್ ಇರಲಿ, ಅಷ್ಟು ಹೊತ್ತಿಗೆ ಕತ್ತಲು.

ಇನ್ನು ಆ ನೆದರ್ಲೆಂಡ್ಸಿನವರು. ಲೇಹ್ ಮುಂದಿನ ಸಲಕ್ಕೆ ಇಟ್ಟರು, ಗೋವಾ ಬಿಟ್ಟರು. ಹನ್ನೆರಡು ದಿನ ಮೈಸೂರು, ಕೊಡಗು, ಹಾಸನ ಅಷ್ಟೇ. ಕೊನೆಯ ದಿನ ಶ್ರೀರಂಗಪಟ್ಟಣದ ಹತ್ತಿರ ಹೊಳೆ ದಡದಲ್ಲಿ ಕೂತಿದ್ದೆವು. ಆತ ಫೋನಿನಲ್ಲಿ ದಿಕ್ಸೂಚಿ ತೆಗೆದು ನೀರನ್ನೂ ಅದನ್ನೂ ಎರಡು ಮೂರು ಸಲ ನೋಡಿದರು. "ನಿಮ್ಮ ಮೊರ ಕೈಕೊಟ್ಟಿತು. ಈ ನೀರು ಪಡುವಲಿಗೆ ಹೋಗುತ್ತಿದೆ."

ನಾನು ನಕ್ಕುಬಿಟ್ಟೆ. ಕೂತಿದ್ದ ಜಾಗದ ಹೆಸರೇ ಪಶ್ಚಿಮವಾಹಿನಿ. ಬಂಡೆಗಳ ನಡುವೆ ಸಿಕ್ಕಿ ಹೊಳೆ ಅಲ್ಲಿ ಸ್ವಲ್ಪ ದೂರ ಹಿಂದಕ್ಕೆ ತಿರುಗುತ್ತೆ. ನಮ್ಮ ಡ್ರೈವರ್ ಪಾಂಡವಪುರದ ಕಡೆಯವರು, ಕಾರಿಗೆ ಒರಗಿಕೊಂಡೇ ಹೇಳಿದರು: "ಅದುಕ್ಕೇ ಅಲ್ವಾ ಸಾರ್ ಅಸ್ಥಿ ಬುಡಕ್ಕೆ ಎಲ್ರೂ ಇಲ್ಲಿಗೇ ಬರಾದು."

ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಆತ ಫೋನ್ ಜೇಬಿಗೆ ಇಟ್ಟುಕೊಂಡು, ಚಪ್ಪಲಿ ಬಿಚ್ಚಿ, ನೀರಿಗೆ ಕಾಲು ಬಿಟ್ಟು ಕೂತರು.