ಎಲೆಕೋಸಿಗೆ 28 ಡಾಲರ್: ನುನಾವುಟ್‌ನ ಅಂಗಡಿ ಬೆಲೆಯ ಹಿಂದಿನ ಕಥೆ

2025ರ ಮಾರ್ಚ್ 31ಕ್ಕೆ ಕೆನಡಾದ ಉತ್ತರ ತುದಿಯ ನುನಾವುಟ್‌ನಲ್ಲಿ ಮಕ್ಕಳ ಆಹಾರ ಕೂಪನ್ ನಿಂತಿತು. ಅದಕ್ಕೂ ಮುಂಚೆ ಸ್ವಲ್ಪ ಕಾಲ ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಮಕ್ಕಳಿದ್ದ ಮನೆಗಳಿಗೆ ಮಗುವೊಂದಕ್ಕೆ ತಿಂಗಳಿಗೆ 500 ಡಾಲರ್ ಲೆಕ್ಕದಲ್ಲಿ ದಿನಸಿ ಕೂಪನ್ ಸಿಗುತ್ತಿತ್ತು. ತೀರಾ ಚಿಕ್ಕ ಮಕ್ಕಳಿದ್ದರೆ ಡಯಾಪರ್ ಮುಂತಾದ ಖರ್ಚಿಗೆ ಇನ್ನೂ 250. ಅದು ನಿಂತ ಮೇಲೆ ಹಳೇ ಜಗಳ ಮತ್ತೆ ಎದ್ದಿತು. ಇಷ್ಟು ಕೊಟ್ಟರೂ ಯಾಕೆ ಸಾಲುವುದಿಲ್ಲ ಎಂದು ದಕ್ಷಿಣದ ಕಡೆಯವರು ಕೇಳಿದರು. ಕೊಟ್ಟ ಹಣ ಕೊನೆಗೆ ಯಾರ ಗಲ್ಲಾಪೆಟ್ಟಿಗೆಗೆ ಹೋಯಿತು ನೋಡಿ ಎಂದು ಉತ್ತರದವರು ಹೇಳಿದರು.

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಕೂಪನ್ ಒಂದನ್ನೇ ಹಿಡಿದು ಮಾತಾಡಿದರೆ ಇದು ಅರ್ಥವಾಗುವುದಿಲ್ಲ. ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಜಾಗ ಎಂಥದ್ದು ನೋಡೋಣ. ನಾವು ಶಾಲೆಯ ಪಾಠದಲ್ಲಿ ಎಸ್ಕಿಮೊ ಅಂತ ಓದಿದೆವಲ್ಲ, ಆ ಜನ ತಮ್ಮನ್ನು ಕರೆದುಕೊಳ್ಳುವುದು ಇನುಯಿಟ್ ಎಂದು. ಕೆನಡಾದಲ್ಲಿ ಅವರು ಸುಮಾರು 70 ಸಾವಿರ ಮಂದಿ ಇದ್ದಾರೆ. ಅವರ ನಾಲ್ಕು ಸೀಮೆಗಳಲ್ಲಿ ದೊಡ್ಡದು ನುನಾವುಟ್. ಭಾರತದ ಮೂರನೇ ಎರಡು ಪಾಲಿನಷ್ಟು ನೆಲ. 2021ರ ಜನಗಣತಿಯಲ್ಲಿ ಸಿಕ್ಕಿದ್ದು 37 ಸಾವಿರಕ್ಕೂ ಕಡಿಮೆ ಜನ. ಊರುಗಳು 25. ಒಂದು ಊರಿನಿಂದ ಇನ್ನೊಂದಕ್ಕೆ ರಸ್ತೆ ಇಲ್ಲ, ದಕ್ಷಿಣದ ನಗರಗಳಿಗೂ ಇಲ್ಲ. ವಿಮಾನ ಹಾರಬೇಕು. ಇಲ್ಲವೇ ಬೇಸಿಗೆಯಲ್ಲಿ ಮಂಜುಗಡ್ಡೆ ಕರಗಿ ಹಡಗು ಬರುವ ತನಕ ಕಾಯಬೇಕು.

ಹಾಗಿದ್ದರೆ ದೂರವೇ ಕಾರಣ, ಬೆಲೆ ಜಾಸ್ತಿ ಇರುವುದು ಸಹಜ ಅಲ್ವಾ? ಅರ್ಧ ನಿಜ. ಅದೇ ನೆಲದಲ್ಲಿ ಈ ಜನ ಸಾವಿರಾರು ವರ್ಷ ಎಲೆಕೋಸಿನ ಹಂಗಿಲ್ಲದೆ ಬದುಕಿದ್ದರು. ಅಂಗಡಿ ಇಲ್ಲದೆ ನಡೆಯುವುದಿಲ್ಲ ಎನ್ನುವ ಸ್ಥಿತಿ ಬಂದು ಇನ್ನೂ ಎರಡು ಮೂರು ತಲೆಮಾರು ಆಗಿದೆ, ಅಷ್ಟೆ.

20ನೇ ಶತಮಾನದ ಮೊದಲರ್ಧದಲ್ಲಿ ಬಿಳಿ ನರಿಯ ತುಪ್ಪಳದ ವ್ಯಾಪಾರ ಬಂತು. ತುಪ್ಪಳ ಕೊಟ್ಟು ಹಿಟ್ಟು, ಚಹಾ, ಬಂದೂಕು ತರುವುದು ರೂಢಿಯಾಯಿತು. ಆಮೇಲೆ ತುಪ್ಪಳದ ಬೆಲೆ ಬಿತ್ತು. 1939ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಇನುಯಿಟ್ ಜನರ ಹೊಣೆ ಪ್ರಾಂತ್ಯದ್ದಲ್ಲ, ಕೇಂದ್ರ ಸರ್ಕಾರದ್ದು ಎಂದು ತೀರ್ಪು ಕೊಟ್ಟಿತು. ಆ ಹೊಣೆ ಕೈಗೆ ಬಂದ ಮೇಲೆ ಸರ್ಕಾರ ಒಂದೊಂದಾಗಿ ಹೆಜ್ಜೆ ಇಟ್ಟಿತು. ಗುರುತಿಗೆಂದು ಕುತ್ತಿಗೆಗೆ ಕಟ್ಟಿಕೊಳ್ಳಲು ನಂಬರ್ ಒತ್ತಿದ ಬಿಲ್ಲೆ ಕೊಟ್ಟಿತು. 1953 ಮತ್ತು 1955ರಲ್ಲಿ ಕ್ವಿಬೆಕ್‌ನ ಇನುಕ್ಜುವಾಕ್ ಕಡೆಯಿಂದ ಮತ್ತು ಪಾಂಡ್ ಇನ್ಲೆಟ್‌ನಿಂದ 92 ಜನರನ್ನು ಹಡಗಿನಲ್ಲಿ ಸಾಗಿಸಿ, ತುತ್ತತುದಿಯ ಗ್ರೈಸ್ ಫಿಯರ್ಡ್ ಮತ್ತು ರೆಸೊಲ್ಯೂಟ್‌ನಲ್ಲಿ ಇಳಿಸಿತು. ಬೇಟೆ ಚೆನ್ನಾಗಿ ಸಿಗುತ್ತದೆ ಎಂಬ ಭರವಸೆಯ ಮೇಲೆ ಹೊರಟವರಿಗೆ ಅಲ್ಲಿ ತಿಂಗಳುಗಟ್ಟಲೆ ಸೂರ್ಯನೇ ಕಾಣಲಿಲ್ಲ. ಇದಕ್ಕೆ ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಹೊರಟಾಗಲೇ ದೊಡ್ಡವರಾಗಿದ್ದವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ಉಳಿದಿರಲಿಲ್ಲ.

ಕ್ಷಯರೋಗ ಇನ್ನೊಂದು ಅಧ್ಯಾಯ. ಸಿ.ಡಿ. ಹೋವ್ ಎಂಬ ಹಡಗು ಊರೂರಿಗೆ ಹೋಗಿ ಎಕ್ಸ್‌ರೇ ತೆಗೆಯುತ್ತಿತ್ತು. ರೋಗ ಕಂಡವರನ್ನು ಅಲ್ಲಿಂದಲೇ ದಕ್ಷಿಣದ ಆಸ್ಪತ್ರೆಗೆ ಕರೆದೊಯ್ಯುತ್ತಿತ್ತು. 1950ರ ದಶಕದ ನಡುವೆ ಹೆಚ್ಚುಕಡಿಮೆ ಏಳರಲ್ಲಿ ಒಬ್ಬ ಇನುಯಿಟ್ ಹೀಗೆ ಊರು ಬಿಟ್ಟು ಆಸ್ಪತ್ರೆಯಲ್ಲಿದ್ದ. ಕೆಲವರು ವಾಪಸ್ ಬರಲೇ ಇಲ್ಲ. ಎಲ್ಲಿ ಮಣ್ಣಾದರು ಎಂಬುದೂ ಮನೆಯವರಿಗೆ ಗೊತ್ತಾಗಲಿಲ್ಲ. 2019ರ ಮಾರ್ಚ್‌ನಲ್ಲಿ ಆಗಿನ ಪ್ರಧಾನಿ ಜಸ್ಟಿನ್ ಟ್ರೂಡೊ ನುನಾವುಟ್‌ನ ರಾಜಧಾನಿ ಇಕಾಲುಯಿಟ್‌ಗೆ ಬಂದು ಕ್ಷಮೆ ಕೇಳಿದರು. ರೋಗ ಇನ್ನೂ ಹೋಗಿಲ್ಲ ಎನ್ನುವುದು ಬೇರೆ ಮಾತು. ಇಕ್ಕಟ್ಟಾದ ಮನೆಯಲ್ಲಿ ಕ್ಷಯ ಹೇಗೆ ಹೋದೀತು?

ಆ ಮನೆಗಳು ಬಂದದ್ದೂ ಇದೇ ಕಾಲದಲ್ಲಿ. ಮಕ್ಕಳನ್ನು ಶಾಲೆಗೆ ಸೇರಿಸಬೇಕು, ಮಕ್ಕಳ ಭತ್ಯೆ ಬೇಕಾದರೆ ಒಂದು ಕಡೆ ನೆಲೆ ನಿಲ್ಲಬೇಕು ಎಂಬ ಒತ್ತಾಯ ಇತ್ತು. ಬಾಡಿಗೆ ತುಂಬ ಕಡಿಮೆ ಎಂದು ನಂಬಿಸಿದ್ದರು ಎಂದು ಹಿರಿಯರು ಆಮೇಲೆ ಹೇಳಿಕೆ ಕೊಟ್ಟಿದ್ದಾರೆ. ಬೆಂಕಿಪೊಟ್ಟಣ ಎಂದೇ ಹೆಸರಾದ ಒಂದೇ ಕೋಣೆಯ ಪುಟ್ಟ ಮನೆಗಳವು. 1950ರಿಂದ 1970ರ ಒಳಗೆ ಅಲೆಮಾರಿ ಬೇಟೆಗಾರರ ಜನಾಂಗವೊಂದು ಬಹುಪಾಲು ಊರಿನ ಜನವಾಯಿತು.

ಇಲ್ಲಿ ನಾಯಿಗಳ ಕಥೆ ಬರುತ್ತದೆ. ಇದನ್ನು ಬಿಟ್ಟರೆ ಮುಂದಿನದು ತಿಳಿಯುವುದಿಲ್ಲ. ಇನುಯಿಟ್ ಬೇಟೆಗಾರನಿಗೆ ಸ್ಲೆಡ್ಜ್ ಎಳೆಯುವ ನಾಯಿಗಳೆಂದರೆ ಗಾಡಿ, ದಾರಿ ತೋರಿಸುವವ, ಕಾವಲುಗಾರ, ಎಲ್ಲವೂ ಹೌದು. ಬಿರುಗಾಳಿಯಲ್ಲಿ ದಾರಿ ತಪ್ಪಿದರೆ ಮನೆ ಸೇರಿಸುತ್ತಿದ್ದವು. ಮಂಜಿನ ಕೆಳಗೆ ಸೀಲ್ ಎಂಬ ಕಡಲಪ್ರಾಣಿ ಉಸಿರಾಡುವ ರಂಧ್ರವನ್ನು ಮೂಸಿ ಹುಡುಕುತ್ತಿದ್ದವು. ಆದರೆ ಊರಿನಲ್ಲಿ ನಾಯಿ ಬಿಡಾಡಿಯಾಗಿ ತಿರುಗಬಾರದು, ಕಟ್ಟಿಹಾಕಬೇಕು ಎಂಬ ಕಾನೂನು 1949ರಿಂದಲೇ ಇತ್ತು. ಜನ ಊರಿಗೆ ಬಂದರು, ಕಾನೂನೂ ಜೋರಾಯಿತು. ಕಟ್ಟಿಹಾಕಿದ ಸ್ಲೆಡ್ಜ್ ನಾಯಿ ಕಸುವು ಕಳೆದುಕೊಳ್ಳುತ್ತದೆ. ಬಿಟ್ಟರೆ ಗುಂಡು. ಮಾಲೀಕನಿಗೆ ಹೇಳದೆ, ಅವನ ಕಣ್ಣೆದುರಿಗೇ ಕೊಂದ ಉದಾಹರಣೆಗಳಿವೆ. 2006ರಲ್ಲಿ ಪೊಲೀಸರು ತಾವೇ ತನಿಖೆ ಮಾಡಿ, ಯೋಜನೆ ಹಾಕಿಕೊಂಡು ಕೊಂದಿಲ್ಲ, ಸಾರ್ವಜನಿಕರ ಸುರಕ್ಷತೆಗಾಗಿ ಮಾಡಿದ್ದು ಎಂದರು. ಅದರಿಂದ ಸಮಾಧಾನವಾಗದೆ ಬಾಫಿನ್ ದ್ವೀಪದ ಸುತ್ತಲಿನ ಇನುಯಿಟ್ ಜನ ತಮ್ಮದೇ ಸತ್ಯಶೋಧನಾ ಆಯೋಗ ಮಾಡಿಕೊಂಡು, ನೂರಾರು ಜನರ ಮಾತು ದಾಖಲಿಸಿದರು. 2019ರಲ್ಲಿ ಈ ಭಾಗಕ್ಕೆ, 2024ರ ನವೆಂಬರ್‌ನಲ್ಲಿ ಕ್ವಿಬೆಕ್‌ನ ಉತ್ತರ ಭಾಗಕ್ಕೆ ಸರ್ಕಾರ ಕ್ಷಮೆ ಕೇಳಿತು.

ಯಾರು ಯಾಕೆ ಗುಂಡು ಹೊಡೆದರು ಎಂಬ ವಾದ ಒತ್ತಟ್ಟಿಗಿರಲಿ. ಫಲ ಮಾತ್ರ ಒಂದೇ. ನಾಯಿ ಹೋಯಿತು, ಹಿಮದ ಮೇಲೆ ಓಡುವ ಮೋಟಾರು ಗಾಡಿ ಸ್ನೋಮೊಬೈಲ್ ಬಂತು. ನಾಯಿ ಸೀಲ್ ಮಾಂಸ ತಿಂದು ಓಡುತ್ತಿತ್ತು. ಸ್ನೋಮೊಬೈಲ್‌ಗೆ ಪೆಟ್ರೋಲ್ ಬೇಕು, ಅಂದರೆ ಕಾಸು ಬೇಕು.

ಆ ಕಾಸು ಎಲ್ಲಿಂದ ಬರುತ್ತಿತ್ತು? ಸೀಲ್ ಚರ್ಮದಿಂದ. ಮಾಂಸ ಮನೆಗೆ, ಚರ್ಮ ಮಾರಾಟಕ್ಕೆ, ಬಂದ ದುಡ್ಡು ಪೆಟ್ರೋಲ್‌ಗೆ. ಲೆಕ್ಕ ಸರಿಹೋಗಿತ್ತು. ಅಷ್ಟರಲ್ಲಿ ಅಟ್ಲಾಂಟಿಕ್ ತೀರದಲ್ಲಿ ಬಿಳಿ ಸೀಲ್ ಮರಿಗಳನ್ನು ಬಡಿದು ಕೊಲ್ಲುವ ಚಿತ್ರಗಳು ಯುರೋಪಿನಲ್ಲಿ ಭಾರೀ ಸಿಟ್ಟು ಎಬ್ಬಿಸಿದವು. 1983ರಲ್ಲಿ ಯುರೋಪಿನ ದೇಶಗಳು ಮರಿಗಳ ಚರ್ಮದ ಆಮದು ನಿಲ್ಲಿಸಿದವು. ಇನುಯಿಟ್ ಜನ ಹೊಡೆಯುತ್ತಿದ್ದುದು ಬೇರೆ ಜಾತಿಯ ಸೀಲ್, ಅದೂ ಬೆಳೆದದ್ದು. ನಿಷೇಧದ ಕಾಗದದಲ್ಲಿ ಅದು ಇರಲೇ ಇಲ್ಲ. ಆದರೆ ಮಾರುಕಟ್ಟೆಗೆ ಅಷ್ಟೆಲ್ಲ ವ್ಯತ್ಯಾಸ ಯಾಕೆ ಬೇಕು? ಸೀಲ್ ಅಂದರೆ ಸೀಲ್. ರೆಸೊಲ್ಯೂಟ್ ಊರಿಗೆ 1982ರಲ್ಲಿ ಚರ್ಮದಿಂದ 54 ಸಾವಿರ ಡಾಲರ್ ಬಂದಿತ್ತು. ಮರುವರ್ಷ ಬಂದದ್ದು ಒಂದು ಸಾವಿರ. 2009ರಲ್ಲಿ ಯುರೋಪ್ ನಿಷೇಧವನ್ನು ಇನ್ನೂ ಬಿಗಿ ಮಾಡಿ, ಇನುಯಿಟ್ ಬೇಟೆಗೆ ವಿನಾಯಿತಿ ಬರೆಯಿತು. ಕೊಳ್ಳುವವರೇ ಇಲ್ಲದ ಮೇಲೆ ವಿನಾಯಿತಿ ಇಟ್ಟುಕೊಂಡು ಏನು ಮಾಡುವುದು? ದೂರದಲ್ಲಿ ಕೂತವರ ಒಳ್ಳೆಯ ಮನಸ್ಸು ಇಷ್ಟು ನೇರವಾಗಿ ಬಡವರ ಗಂಟು ಕರಗಿಸಿದ ಉದಾಹರಣೆ ನನಗಂತೂ ಹೆಚ್ಚು ನೆನಪಿಗೆ ಬರುವುದಿಲ್ಲ.

ಹೀಗೆ ಜನ ಅಂಗಡಿಯ ಬಾಗಿಲಿಗೆ ಬಂದು ನಿಂತರು. ಇನ್ನು ಅಂಗಡಿಯ ಒಳಗೆ ಹೋಗೋಣ.

ಅಲ್ಲಿಗೆ ಸಾಮಾನು ಬರುವುದು ಎರಡು ದಾರಿಯಲ್ಲಿ. ಜುಲೈಯಿಂದ ಅಕ್ಟೋಬರ್ ತನಕ ಹಡಗು. ಅದನ್ನು ಅಲ್ಲಿ ಸೀಲಿಫ್ಟ್ ಎನ್ನುತ್ತಾರೆ. ಕೈಯಲ್ಲಿ ದುಡ್ಡಿದ್ದವರು ವರ್ಷಕ್ಕಾಗುವಷ್ಟು ಹಿಟ್ಟು, ಅಕ್ಕಿ, ಸಕ್ಕರೆ, ಡಬ್ಬಿ ಸಾಮಾನು, ಡಯಾಪರ್ ಎಲ್ಲವನ್ನೂ ದಕ್ಷಿಣದಿಂದ ಒಟ್ಟಿಗೆ ತರಿಸಿಕೊಳ್ಳುತ್ತಾರೆ. ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳು ದಡಕ್ಕೆ ಬಂದಿಳಿಯುತ್ತವೆ. ಬಹಳ ಅಗ್ಗ. ಆದರೆ ಇದಕ್ಕೆ ಕ್ರೆಡಿಟ್ ಕಾರ್ಡ್ ಬೇಕು, ಒಂದೇ ಸಲ ಸಾವಿರಾರು ಡಾಲರ್ ಕೊಡುವ ತಾಕತ್ತು ಬೇಕು, ಮನೆಯಲ್ಲಿ ಇಡಲು ಜಾಗ ಬೇಕು. ಈ ಮೂರೂ ಇರುವುದು ಹೆಚ್ಚಾಗಿ ದಕ್ಷಿಣದಿಂದ ಕೆಲಸಕ್ಕೆ ಬಂದ ನೌಕರರಿಗೆ. 2016ರ ಜನಗಣತಿಯ ಪ್ರಕಾರ ಇನುಯಿಟ್ ಸೀಮೆಯಲ್ಲಿ ಒಬ್ಬ ಇನುಯಿಟ್‌ನ ನಡುಮಟ್ಟದ ವರಮಾನ ವರ್ಷಕ್ಕೆ ಸುಮಾರು 23 ಸಾವಿರ ಡಾಲರ್. ಅದೇ ಊರುಗಳಲ್ಲಿರುವ ಹೊರಗಿನವರದ್ದು 92 ಸಾವಿರ. ಯಾರಿಗೆ ಕಡಿಮೆ ದುಡ್ಡೋ ಅವರೇ ಜಾಸ್ತಿ ಬೆಲೆ ಕೊಟ್ಟು ದಿನದಿನದ ಸಾಮಾನು ತರಬೇಕು.

ಎರಡನೇ ದಾರಿ ವಿಮಾನ. ಹಾಲು, ಮೊಟ್ಟೆ, ಹಣ್ಣು, ತರಕಾರಿ ಅದರಲ್ಲೇ ಬರಬೇಕು. 1960ರ ದಶಕದ ಕೊನೆಯಿಂದ ಅಂಚೆ ಇಲಾಖೆಯ ಮೂಲಕ ಸಾಗಣೆ ವೆಚ್ಚದಲ್ಲಿ ರಿಯಾಯಿತಿ ಇತ್ತು. ಫುಡ್ ಮೇಲ್ ಎಂದು ಅದರ ಹೆಸರು. ಕಡಿಮೆ ದರಕ್ಕೆ ಅಂಗಡಿಯವರೂ ಕಳಿಸಬಹುದಿತ್ತು, ಮನೆಯವರೂ ನೇರವಾಗಿ ತರಿಸಬಹುದಿತ್ತು. ಖರ್ಚು ಕೈಮೀರುತ್ತಿದೆ ಎಂದು 2011ರ ಏಪ್ರಿಲ್ 1ರಂದು ಅದನ್ನು ಮುಚ್ಚಿ ನ್ಯೂಟ್ರಿಷನ್ ನಾರ್ತ್ ಶುರು ಮಾಡಿದರು. ಬದಲಾವಣೆ ಹೊರಗಿನಿಂದ ಸಣ್ಣದು, ಒಳಗಿನಿಂದ ದೊಡ್ಡದು. ಸಬ್ಸಿಡಿ ಈಗ ಸಾಗಣೆಗಲ್ಲ, ಅಂಗಡಿಗೆ. ಕೆಜಿಗೆ ಇಷ್ಟು ಎಂದು ಸರ್ಕಾರ ವ್ಯಾಪಾರಿಗೆ ಕೊಡುತ್ತದೆ. ವ್ಯಾಪಾರಿ ಅಷ್ಟನ್ನೂ ಬೆಲೆಯಲ್ಲಿ ಇಳಿಸಬೇಕು. ಆರೋಗ್ಯಕ್ಕೆ ಒಳ್ಳೆಯದು ಎಂದು ಆರಿಸಿದ ಆಹಾರಕ್ಕೆ ಜಾಸ್ತಿ ನೆರವು. ಡಯಾಪರ್‌ನಂಥವು ಪಟ್ಟಿಯಿಂದ ಹೊರಬಿದ್ದವು. ಜನ ಕೂಗಾಡಿದ ಮೇಲೆ, ಎಷ್ಟೋ ವರ್ಷ ಕಳೆದು ಮತ್ತೆ ಸೇರಿದವು.

ಮುಂದಿನ ವರ್ಷವೇ ಸಿಟ್ಟು ಬೀದಿಗೆ ಬಂತು. 2012ರಲ್ಲಿ ಇಕಾಲುಯಿಟ್‌ನ ಲೀಸಿ ಪಪಾಟ್ಸಿ ಎಂಬ ತಾಯಿ ಫೇಸ್‌ಬುಕ್‌ನಲ್ಲಿ ‘ಫೀಡಿಂಗ್ ಮೈ ಫ್ಯಾಮಿಲಿ’ ಎಂಬ ಗುಂಪು ಕಟ್ಟಿದರು. ಜನ ಅಂಗಡಿಯ ಬೆಲೆ ಚೀಟಿಯ ಫೋಟೊ ತೆಗೆದು ಹಾಕತೊಡಗಿದರು. 28 ಡಾಲರ್‌ನ ಎಲೆಕೋಸು ಹೊರಜಗತ್ತಿನ ಕಣ್ಣಿಗೆ ಬಿದ್ದದ್ದು ಆಗಲೇ. ಜೂನ್‌ನಲ್ಲಿ ಹಲವು ಊರುಗಳಲ್ಲಿ ಅಂಗಡಿ ಎದುರು ಫಲಕ ಹಿಡಿದು ನಿಂತರು. ಬಹಿರಂಗವಾಗಿ ಜಗಳ ಆಡುವುದು ಇನುಯಿಟ್ ಹಿರಿಯರ ಪದ್ಧತಿಯಲ್ಲ. ಊರಿಗೆ ಒಂದೋ ಎರಡೋ ಅಂಗಡಿ, ಅಲ್ಲಿ ಕೆಲಸ ಮಾಡುವವರು ನೆಂಟರೇ. ಅಂಥ ಕಡೆ ಬೀದಿಗೆ ಇಳಿಯುವುದು ಸುಮ್ನೆ ಮಾತಲ್ಲ.

2014ರಲ್ಲಿ ಕೆನಡಾದ ಮಹಾಲೆಕ್ಕಪರಿಶೋಧಕರ ವರದಿ ಬಂತು. ವ್ಯಾಪಾರಿಗಳು ಸಬ್ಸಿಡಿಯನ್ನು ಪೂರ್ತಿ ಗಿರಾಕಿಗೆ ದಾಟಿಸುತ್ತಿದ್ದಾರೆಯೇ ಎಂದು ಇಲಾಖೆ ಖಚಿತ ಮಾಡಿಕೊಂಡೇ ಇಲ್ಲ ಎಂದು ಅದು ಹೇಳಿತು. ಅವರ ಲಾಭ ಎಷ್ಟು ಎಂಬ ಲೆಕ್ಕವೂ ಇಲಾಖೆಯ ಕೈಯಲ್ಲಿ ಇರಲಿಲ್ಲ. ಯಾವ ಊರಿಗೆ ಎಷ್ಟು ನೆರವು ಎಂಬುದೂ ಅಗತ್ಯ ನೋಡಿ ಅಲ್ಲ, ಹಳೇ ಫುಡ್ ಮೇಲ್ ಎಷ್ಟು ಬಳಸಿದ್ದರು ಎನ್ನುವುದನ್ನು ನೋಡಿ. ಒಂಟಾರಿಯೊ ಪ್ರಾಂತ್ಯದ ಉತ್ತರದಲ್ಲಿ ಸುಮಾರು 20 ಕಿಲೋಮೀಟರ್ ಅಂತರದ ಎರಡು ಊರುಗಳಲ್ಲಿ ಒಂದಕ್ಕೆ ಕೆಜಿಗೆ 1.60 ಡಾಲರ್, ಇನ್ನೊಂದಕ್ಕೆ 5 ಸೆಂಟ್. ಮುಂದೆ ಅರ್ಥಶಾಸ್ತ್ರಜ್ಞರು ಬೆಲೆಗಳನ್ನು ಜಾಲಾಡಿದಾಗ, ಕೊಟ್ಟ ಒಂದು ಡಾಲರ್‌ನಲ್ಲಿ ಸುಮಾರು ಮೂರನೇ ಎರಡು ಪಾಲು ಮಾತ್ರ ಬೆಲೆ ಇಳಿಕೆಯಾಗಿ ಕಂಡಿತು. ಒಂದೇ ಅಂಗಡಿ ಇರುವ ಊರಿನಲ್ಲಿ ಇನ್ನೂ ಕಡಿಮೆ. ಅಂಗಡಿಯವರ ಉತ್ತರವೂ ಇದೆ. ವಿದ್ಯುತ್ತು ಡೀಸೆಲ್‌ನದು, ಚಳಿಯಲ್ಲಿ ಗೋದಾಮು ಬೆಚ್ಚಗಿಡಬೇಕು, ಬಿರುಗಾಳಿಗೆ ವಿಮಾನ ನಿಂತರೆ ತರಕಾರಿ ಕೊಳೆಯುತ್ತದೆ. ಇದೂ ಸುಳ್ಳಲ್ಲ. ಆದರೆ ಪೈಪೋಟಿ ಇಲ್ಲದ ಕಡೆ ವ್ಯಾಪಾರಿಯ ಕೈಗೇ ಸಬ್ಸಿಡಿ ಕೊಟ್ಟು, ಲೆಕ್ಕವನ್ನೂ ಅವನಿಂದಲೇ ಕೇಳುವ ಏರ್ಪಾಡು ಎಷ್ಟು ಸರಿ?

ಈಗ ಕೂಪನ್‌ಗೆ ಬನ್ನಿ. ಅದು ಕೂಡ ಖರ್ಚಾದದ್ದು ಅದೇ ಅಂಗಡಿಗಳಲ್ಲಿ.

ಇಷ್ಟೆಲ್ಲ ಮಾತಿನ ನಡುವೆ ಮರೆತುಹೋಗುವ ಒಂದು ಸಂಗತಿ ಇದೆ. ಅಲ್ಲಿ ಊಟ ಅಂದರೆ ಇವತ್ತಿಗೂ ಅಂಗಡಿಯದ್ದೇ ಅಲ್ಲ. ಬೇಟೆ ಸಿಕ್ಕಿದ ದಿನ ನೆಲದ ಮೇಲೆ ರಟ್ಟಿನ ಹಾಳೆ ಹಾಸುತ್ತಾರೆ. ಹೆಪ್ಪುಗಟ್ಟಿದ ಚಾರ್ ಮೀನು, ಕ್ಯಾರಿಬೂ ಎಂಬ ಹಿಮಸಾರಂಗದ ಮಾಂಸ, ಬೆಲೂಗಾ ತಿಮಿಂಗಿಲದ ಚರ್ಮ ಅದರ ಮೇಲೆ ಬರುತ್ತದೆ. ಉಲು ಎಂಬ ಅರ್ಧಚಂದ್ರದ ಚೂರಿಯಿಂದ ಹೆಂಗಸರು ತೆಳ್ಳಗೆ ಹೆಚ್ಚುತ್ತಾರೆ. ಬಂದವರೆಲ್ಲ ಸುತ್ತ ಕೂತು ತಿನ್ನುತ್ತಾರೆ, ಹೋಗುವಾಗ ಚೀಲದಲ್ಲಿ ಕಟ್ಟಿಸಿಕೊಳ್ಳುತ್ತಾರೆ. ಆ ಹಸಿ ಚರ್ಮದಲ್ಲಿ ಸಿ ವಿಟಮಿನ್ ಇದೆ. ಕಿತ್ತಳೆ ಕಾಣದ ನೆಲದಲ್ಲಿ ಜನ ಬದುಕಿದ್ದು ಹಾಗೆ.

ಇದಕ್ಕೆ ಬೇಟೆಗೆ ಹೋಗಬೇಕು. ಸ್ನೋಮೊಬೈಲ್, ಪೆಟ್ರೋಲ್, ತೋಟಾ ಎಲ್ಲದಕ್ಕೂ ದುಡ್ಡು. ಕೆಲಸ ಇದ್ದವನಿಗೆ ಬೇಟೆಗೆ ಸಮಯ ಇಲ್ಲ, ಸಮಯ ಇದ್ದವನಿಗೆ ಪೆಟ್ರೋಲ್‌ಗೆ ಕಾಸಿಲ್ಲ. ಮೇಲಿಂದ ಬಾಫಿನ್ ದ್ವೀಪದಲ್ಲಿ ಕ್ಯಾರಿಬೂ ತೀರಾ ಕಡಿಮೆಯಾಗಿ 2015ರ ಜನವರಿಯಲ್ಲಿ ಬೇಟೆಯನ್ನೇ ನಿಲ್ಲಿಸಬೇಕಾಯಿತು. ಆಮೇಲೆ ವರ್ಷಕ್ಕೆ 250 ಎಂದು ಮಿತಿ ಇಟ್ಟು ತೆರೆದರು. ನ್ಯೂಟ್ರಿಷನ್ ನಾರ್ತ್‌ನಲ್ಲಿ ಬೇಟೆಗಾರರಿಗೆಂದೇ ಪ್ರತ್ಯೇಕ ನೆರವು ಬಂದದ್ದು 2020ರಲ್ಲಿ. ಮೊದಲು 5 ವರ್ಷಕ್ಕೆ 4 ಕೋಟಿ ಡಾಲರ್ ಇಟ್ಟರು, ಬಳಿಕ ಹೆಚ್ಚಿಸಿದರು. ಅಂಗಡಿ ಸಬ್ಸಿಡಿ ಆ ಹೊತ್ತಿಗೆ ವರ್ಷವೊಂದಕ್ಕೇ 10 ಕೋಟಿಯ ಆಸುಪಾಸಿನಲ್ಲಿತ್ತು. ಇದು ಉಲ್ಟಾ ಆಗಬೇಕಿತ್ತು ಎನ್ನುವವರ ಮಾತು ನನಗೆ ಸರಿಯೆನಿಸುತ್ತದೆ.

ಮನೆಯ ವಿಷಯ ಇದಕ್ಕೆ ಹೆಣೆದುಕೊಂಡಿದೆ. 1993ರಲ್ಲಿ ಕೇಂದ್ರ ಸರ್ಕಾರ ಹೊಸ ಸಾರ್ವಜನಿಕ ಮನೆಗಳಿಗೆ ಹಣ ನಿಲ್ಲಿಸಿತು. ಮಕ್ಕಳು ಹುಟ್ಟುವುದು ನಿಲ್ಲಲಿಲ್ಲ. 2021ರಲ್ಲಿ ಇನುಯಿಟ್ ಸೀಮೆಯ ಅರ್ಧಕ್ಕೂ ಹೆಚ್ಚು ಇನುಯಿಟ್ ಜನ ಕಿಕ್ಕಿರಿದ ಮನೆಗಳಲ್ಲಿದ್ದರು. 2030ರೊಳಗೆ 3000 ಮನೆ ಕಟ್ಟುತ್ತೇವೆ ಎಂದು ನುನಾವುಟ್ ಸರ್ಕಾರ 2022ರಲ್ಲಿ ಹೇಳಿದೆ. ಮೊಳೆ, ಹಲಗೆ, ಸಿಮೆಂಟು ಎಲ್ಲವೂ ಅದೇ ಬೇಸಿಗೆ ಹಡಗಿನಲ್ಲಿ ಬರಬೇಕು. ಒಂದು ಹಡಗು ತಪ್ಪಿದರೆ ಒಂದು ವರ್ಷ ಹೋಯಿತು.

ಮನೆಗೆ ಹಣ ನಿಂತ ಅದೇ 1993ರಲ್ಲಿ ಇನುಯಿಟ್ ಮುಖಂಡರು ಸರ್ಕಾರದ ಜತೆ ದೊಡ್ಡ ಭೂ ಒಪ್ಪಂದಕ್ಕೆ ಸಹಿ ಹಾಕಿದ್ದರು ಎನ್ನುವುದು ವಿಚಿತ್ರ. ಅದರಿಂದಲೇ 1999ರ ಏಪ್ರಿಲ್ 1ರಂದು ನುನಾವುಟ್ ಹುಟ್ಟಿತು. ಸರ್ಕಾರಿ ನೌಕರಿಯಲ್ಲಿ ಜನಸಂಖ್ಯೆಗೆ ತಕ್ಕ ಪಾಲು ಇನುಯಿಟ್ ಜನರಿಗೆ ಎಂದು ಒಪ್ಪಂದದಲ್ಲಿ ಬರೆದಿತ್ತು. ಜನಸಂಖ್ಯೆಯಲ್ಲಿ ಅವರು ನೂರಕ್ಕೆ 85ರಷ್ಟು, ನೌಕರಿಯಲ್ಲಿ ಅರ್ಧದ ಹತ್ತಿರ ನಿಂತಿದ್ದಾರೆ. 2024ರ ಜನವರಿಯಲ್ಲಿ ಇನ್ನೊಂದು ಒಪ್ಪಂದವಾಯಿತು. ನೆಲ ಮತ್ತು ಖನಿಜದ ಅಧಿಕಾರ 2027ರ ಏಪ್ರಿಲ್‌ಗೆ ಕೇಂದ್ರದಿಂದ ನುನಾವುಟ್‌ಗೆ ಬರಬೇಕು.

ಆಹಾರ ಸಬ್ಸಿಡಿ ಈ ಒಪ್ಪಂದದಲ್ಲಿ ಇಲ್ಲ, ಅದು ಕೇಂದ್ರದ ಕೈಯಲ್ಲೇ ಉಳಿಯುತ್ತದೆ. ಅದನ್ನು ಪರಿಶೀಲಿಸಲು 2024ರ ಕೊನೆಯಲ್ಲಿ ಇನುಯಿಟ್ ನಾಯಕಿ ಅಲುಕಿ ಕೊಟಿಯೆರ್ಕ್ ಅವರನ್ನು ನೇಮಿಸಲಾಯಿತು. ಹಣ ಅಂಗಡಿಗೋ, ಮನೆಗೋ, ಬೇಟೆಗಾರನಿಗೋ ಎಂಬ ಪ್ರಶ್ನೆ 2011ರಲ್ಲೇ ಕೇಳಬೇಕಿತ್ತು. ಕೊನೆಗೂ ಅದನ್ನು ಅಲ್ಲಿಯವರೊಬ್ಬರ ಕೈಗೆ ಕೊಟ್ಟಿದ್ದಾರೆ. ಕೂಪನ್ ಮಾತ್ರ ಅದಕ್ಕೆ ಕಾಯದೆ ನಿಂತುಹೋಯಿತು.