ಮುಳ್ಳಯ್ಯನಗಿರಿಯ ತುದಿಯ ಒಂದೇ ಟವರ್ ಏಕೆ ಸಾಲದು?

ಮೂಡಿಗೆರೆ, ಕೊಪ್ಪದ ಕಡೆಯ ತೋಟಗಳಲ್ಲಿ ಫೋನಿಗೆ ಸಿಗ್ನಲ್ ಸಿಗದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರವಿದೆಯಲ್ಲ, ಅದರ ತುದಿಯಲ್ಲಿ ಭಾರಿ ಶಕ್ತಿಯ ಒಂದೇ ಟವರ್ ನಿಲ್ಲಿಸಿದರೆ ಇಡೀ ಜಿಲ್ಲೆಗೆ ಸಾಕಾಗದೇ? ಸಾಕಾಗದು. ಅಮೆರಿಕದಲ್ಲಿ ಈ ಪ್ರಯೋಗ ಎಂದೋ ನಡೆದು ಸೋತಿದೆ.

1946ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಆರಂಭವಾದ ಕಾರ್ ಫೋನ್ ಸೇವೆ ನಗರಕ್ಕೆಲ್ಲ ಒಂದೇ ಪ್ರಬಲ ಪ್ರಸಾರಕವನ್ನು ನಂಬಿತ್ತು. ಕಾರಿನಲ್ಲಿ ಇಡಬೇಕಿದ್ದ ಸಲಕರಣೆಯ ತೂಕವೇ ಸುಮಾರು 36 ಕಿಲೋ. ಆದರೆ ನಿಜವಾದ ತೊಡಕು ತೂಕದ್ದಲ್ಲ. ಒಂದು ಚಾನೆಲ್‌ನಲ್ಲಿ, ಅಂದರೆ ಕರೆ ಸಾಗುವ ಒಂದು ರೇಡಿಯೊ ದಾರಿಯಲ್ಲಿ, ಒಬ್ಬರು ಮಾತಿಗೆ ಕುಳಿತರೆ, ಅವರು ಮುಗಿಸುವವರೆಗೆ ಆ ಚಾನೆಲ್ ಊರಿನಲ್ಲಿ ಮತ್ತಾರಿಗೂ ದಕ್ಕುತ್ತಿರಲಿಲ್ಲ. 1970ರ ದಶಕದ ನಡುವಿನಲ್ಲಿಯೂ ಮಹಾನಗರವಾದ ನ್ಯೂಯಾರ್ಕಿನಲ್ಲಿ ಇಂತಹ ಫೋನಿನ ಚಂದಾದಾರರು ಕೆಲವೇ ನೂರು ಮಂದಿ, ಕಾಯುತ್ತಿದ್ದವರು ಸಾವಿರಾರು.

ಅಮೆರಿಕದ ದೂರವಾಣಿ ಸಂಶೋಧನಾ ಕೇಂದ್ರವಾದ ಬೆಲ್ ಪ್ರಯೋಗಾಲಯದ ಡಗ್ಲಸ್ ರಿಂಗ್ 1947ರಲ್ಲಿಯೇ ಇದಕ್ಕೆ ಪರಿಹಾರ ಬರೆದಿಟ್ಟಿದ್ದರು: ಶಕ್ತಿಯನ್ನು ಹೆಚ್ಚಿಸಬೇಡಿ, ತಗ್ಗಿಸಿ. ಈ ತಿರುವು ನನಗೆ ಇಂದಿಗೂ ರೋಮಾಂಚನ ತರುತ್ತದೆ. ಒಂದೇ ಬಯಲಿನಲ್ಲಿ ಎರಡು ಯಕ್ಷಗಾನ ಮೇಳಗಳು ಚೆಂಡೆ ಬಾರಿಸಿದರೆ ಎರಡೂ ಕೆಡುತ್ತವೆ. ನಡುವೆ ಗುಡ್ಡವಿರುವ ಎರಡು ಕಣಿವೆಗಳಲ್ಲಿ ಒಂದೇ ರಾತ್ರಿ ಒಂದೇ ಪ್ರಸಂಗವನ್ನು ನಿರಾತಂಕವಾಗಿ ಆಡಬಹುದು. ಹಾಗೆಯೇ ಪ್ರದೇಶವನ್ನು ಜೇನುಗೂಡಿನ ಕೋಶಗಳಂತೆ ಸಣ್ಣ ಸಣ್ಣ ಭಾಗಗಳಾಗಿ ಹಂಚಿ, ಪ್ರತಿ ಕೋಶಕ್ಕೂ ತನ್ನ ಎಲ್ಲೆಯಾಚೆ ಹೆಚ್ಚು ದೂರ ಹರಡದಷ್ಟೇ ಶಕ್ತಿ ಕೊಟ್ಟರೆ, ಪಕ್ಕದ ಕೋಶದಲ್ಲಿ ಬಳಸದ ಚಾನೆಲ್ಲನ್ನು ಎರಡು ಮೂರು ಕೋಶಗಳಾಚೆ ಮತ್ತೆ ಬಳಸಬಹುದು. ಲೆಕ್ಕಕ್ಕೆ 420 ಚಾನೆಲ್ ಇವೆಯೆನ್ನಿ. ಶಿಖರದ ಒಂದೇ ಟವರಿನಿಂದ ಏಕಕಾಲಕ್ಕೆ 420 ಕರೆಗಳು. ಅವನ್ನೇ ಏಳು ಗುಂಪು ಮಾಡಿ, ಗುಂಪಿಗೆ 60ರಂತೆ 70 ಕೋಶಗಳಿಗೆ ಹಂಚಿದರೆ 4,200 ಕರೆಗಳು!

ಕಾರು ಕೋಶದಿಂದ ಕೋಶಕ್ಕೆ ಓಡುವಾಗ ಕರೆ ತುಂಡಾಗಬಾರದು. ದೇವರ ಪಲ್ಲಕ್ಕಿಗೆ ಹೆಗಲು ಕೊಟ್ಟವರು ಬದಲಾದರೂ ಪಲ್ಲಕ್ಕಿ ನೆಲ ಮುಟ್ಟದಂತೆ, ಒಂದು ಟವರ್ ಇನ್ನೊಂದಕ್ಕೆ ಕರೆಯನ್ನು ದಾಟಿಸಬೇಕು. ಈ ಕೆಲಸಕ್ಕೆ ಬೇಕಾದ ವೇಗದ ಗಣಕಗಳು 1947ರಲ್ಲಿ ಇರಲಿಲ್ಲ. ಜಪಾನಿನಲ್ಲಿ ಕೋಶ ಪದ್ಧತಿಯ ಕಾರ್ ಫೋನ್ ಸೇವೆ ಆರಂಭವಾದದ್ದು 1979ರಲ್ಲಿ.

ಟವರ್ ಹತ್ತಿರ ಬಂದದ್ದರಿಂದಲೇ ಫೋನ್ ಕಾರಿನಿಂದ ಕೈಗೆ ಬಂದಿತು. 1973ರ ಏಪ್ರಿಲ್ 3ರಂದು ಮೋಟೊರೋಲಾದ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು, ಒಂದು ಕಿಲೋಗೂ ಹೆಚ್ಚು ತೂಕದ ಫೋನಿನಿಂದ ಪ್ರತಿಸ್ಪರ್ಧಿ ಬೆಲ್ ಪ್ರಯೋಗಾಲಯದ ಜೋಯೆಲ್ ಎಂಗಲ್ ಅವರಿಗೇ ಕರೆ ಮಾಡಿದರು. 1983ರಲ್ಲಿ ಅಮೆರಿಕದ ಮೊದಲ ವಾಣಿಜ್ಯ ಸೇವೆ ಷಿಕಾಗೋದಲ್ಲಿ ಶುರುವಾದಾಗ ಕಾರ್ ಫೋನಿಗೆ 3 ವಾಟ್ ಪ್ರಸಾರ ಶಕ್ತಿಯ ಅವಕಾಶವಿದ್ದರೆ, ಕೈಫೋನಿಗೆ ಇದ್ದದ್ದು 0.6 ವಾಟ್ ಮಾತ್ರ. 3,995 ಡಾಲರ್ ಬೆಲೆಯ ಮೋಟೊರೋಲಾದ ಕೈಫೋನ್ ಡೈನಾಟ್ಯಾಕ್ ಅಷ್ಟರಲ್ಲಿಯೇ ಸುಮಾರು ಅರ್ಧ ಗಂಟೆ ಮಾತನಾಡಿಸುತ್ತಿತ್ತು.

ಶಿಖರದ ಟವರಿನ ಪ್ರಬಲ ಧ್ವನಿ ಒಂದು ವೇಳೆ ಕೊಪ್ಪದವರೆಗೆ ತಲುಪಿದರೂ, ಅಲ್ಲಿನ ಅಂಗೈಯ ಫೋನಿನ ಕ್ಷೀಣ ಉತ್ತರ ಗಿರಿಯ ತುದಿಗೆ ಮರಳಿ ತಲುಪಬೇಕಲ್ಲವೇ? ನಮ್ಮ ಕಣಿವೆಗಳಿಗೆ ಬೇಕಿರುವುದು ಕಣಿವೆಗೊಂದರಂತೆ ಗಿಡ್ಡ ಟವರುಗಳು. ಸಿಗ್ನಲ್ ತಡೆಯುತ್ತದೆಂದು ನಾವು ದೂರುವ ಗುಡ್ಡವೇ ಆಗ ಆಚೆ ಬದಿಯಲ್ಲಿ ಅದೇ ಚಾನೆಲ್ಲನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತದೆ.