ರನ್ನಿಂಗ್ ಬ್ಯಾಕ್: ಹಿಂದೆ ನಿಲ್ಲುತ್ತಾನೆ, ಆದರೆ ಡಿಫೆಂಡರ್ ಅಲ್ಲ

ಅಮೆರಿಕನ್ ಫುಟ್‌ಬಾಲಿನ ಸುದ್ದಿ ಕನ್ನಡಕ್ಕೆ ಬರುವಾಗ ರನ್ನಿಂಗ್ ಬ್ಯಾಕ್ ಪದೇ ಪದೇ ‘ರಕ್ಷಣಾ ಆಟಗಾರ’ ಆಗಿಬಿಡುತ್ತಾನೆ. ಇದು ಸಣ್ಣಪುಟ್ಟ ತಪ್ಪಲ್ಲ, ಪೂರಾ ಉಲ್ಟಾ. ಚೆಂಡು ತನ್ನ ತಂಡದ ಕೈಯಲ್ಲಿದ್ದಾಗಲೇ ಅವನಿಗೆ ಕೆಲಸ. ಚೆಂಡು ಎದುರಾಳಿಗೆ ಹೋಯಿತೋ, ಅವನು ಮೈದಾನದಿಂದ ಹೊರಗೆ.

ಗೊಂದಲ ಹುಟ್ಟಿದ್ದು ನಮಗೆ ಪರಿಚಯವಿರುವ ಫುಟ್‌ಬಾಲಿನಿಂದ. ಅಲ್ಲಿ ಲೆಫ್ಟ್ ಬ್ಯಾಕ್, ರೈಟ್ ಬ್ಯಾಕ್ ಗೋಲಿನ ಕಾವಲಿಗೆ ನಿಲ್ಲುವವರು. ಅಮೆರಿಕದ ಆಟ ಕವಲೊಡೆದದ್ದು ರಗ್ಬಿಯಿಂದ. ರಗ್ಬಿಯಲ್ಲಿ ಮುಂದೆ ಮೈಗೆ ಮೈ ಕೊಟ್ಟು ನೂಕಾಡುವವರು ಫಾರ್ವರ್ಡ್‌ಗಳು. ಹಿಂದೆ ನಿಂತು, ಚೆಂಡು ಪಡೆದು ಓಡುವವರು ಬ್ಯಾಕ್‌ಗಳು. 1880ರಲ್ಲಿ, ಅಮೆರಿಕದ ಆಟದ ನಿಯಮ ರೂಪಿಸಿದವರಲ್ಲಿ ಮುಖ್ಯನಾದ ವಾಲ್ಟರ್ ಕ್ಯಾಂಪ್ ಹಿಡಿದ ಪಟ್ಟಿನಿಂದ ಎರಡು ತಂಡಗಳ ನಡುವೆ ಸ್ಕ್ರಿಮೇಜ್ ಗೆರೆ ಬಂತು. ಬ್ಯಾಕ್‌ಗಳ ಹೆಸರು ನಿಂತದ್ದು ಆ ಗೆರೆಯಿಂದ ಎಷ್ಟು ಹಿಂದೆ ಇದ್ದಾರೆ ಎಂಬುದರ ಮೇಲೆ: ಹತ್ತಿರದವನು ಕ್ವಾರ್ಟರ್‌ಬ್ಯಾಕ್, ನಡುವಿನವನು ಹಾಫ್‌ಬ್ಯಾಕ್, ಕೊನೆಯವನು ಫುಲ್‌ಬ್ಯಾಕ್. ಕಾಲು, ಅರ್ಧ, ಪೂರ್ತಿ, ಅಷ್ಟೇ. ಆಮೇಲೆ ವ್ಯೂಹಗಳು ಬದಲಾದವು. ಈಗ ಫುಲ್‌ಬ್ಯಾಕ್ ಸಾಮಾನ್ಯವಾಗಿ ಹಾಫ್‌ಬ್ಯಾಕಿಗಿಂತ ಮುಂದೆ ನಿಂತು ಅವನಿಗೆ ದಾರಿ ಬಿಡಿಸುತ್ತಾನೆ. ಹೆಸರು ಮಾತ್ರ ಹಾಗೇ ಉಳಿದಿದೆ.

ಹಾಗಿದ್ದರೆ ಕಾರ್ನರ್‌ಬ್ಯಾಕ್? ಅವನು ರಕ್ಷಣೆಯವನೇ, ತನ್ನ ಕಡೆಯ ಗೆರೆಯಿಂದ ಹಿಂದೆ ನಿಲ್ಲುವವನು. ಅಂದರೆ ‘ಬ್ಯಾಕ್’ ಹೇಳುವುದು ಜಾಗ, ಕೆಲಸವಲ್ಲ. ಕೆಲಸ ಹೇಳುವುದು ‘ರನ್ನಿಂಗ್’.

ಆ ‘ರನ್ನಿಂಗ್’ ಇನ್ನೊಂದು ಎಡವಟ್ಟಿಗೆ ದಾರಿ ಮಾಡಿದೆ: ಗಜಗಳನ್ನು ‘ರನ್’ ಎಂದು ಬರೆಯುವುದು. ಗಜ ಅಂಕವಲ್ಲ, ಗೆದ್ದ ನೆಲ. 80 ಗಜ ಓಡಿ ಎದುರಾಳಿಯ ಕೊನೆಯ ಗೆರೆಗೆ ಒಂದು ಗಜ ಇರುವಾಗ ಬಿದ್ದರೂ ಓಟದಿಂದ ಬಂದ ಅಂಕ ಸೊನ್ನೆ; ಆ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ.

ಈ ಪದದ ಅರ್ಥ ಕಣ್ಣಿಗೆ ಕಟ್ಟಬೇಕಾದರೆ ಬ್ಯಾರಿ ಸ್ಯಾಂಡರ್ಸ್‌ನ 1988ರ ಆಟ ನೋಡಬೇಕು. ಓಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೊದಲ ಎರಡು ವರ್ಷ ಅವನು ತಂಡದ ಹಿರಿಯ ರನ್ನಿಂಗ್ ಬ್ಯಾಕ್ ಥರ್ಮನ್ ಥಾಮಸ್‌ನ ನೆರಳಲ್ಲಿದ್ದ. ಎತ್ತರ ಬರೀ 5 ಅಡಿ 8 ಇಂಚು. ಕ್ವಾರ್ಟರ್‌ಬ್ಯಾಕ್ ಹೊಟ್ಟೆಗೆ ಚೆಂಡು ಒತ್ತಿದ ಮೇಲೆ ಸ್ಯಾಂಡರ್ಸ್ ಗೆರೆಯವರೆಗೆ ಬರುತ್ತಾನೆ, ಸಂದಿ ಮುಚ್ಚಿರುತ್ತದೆ. ಬೇರೆಯವರು ತಲೆ ತಗ್ಗಿಸಿ ನುಗ್ಗಿ ಎರಡು ಗಜಕ್ಕೆ ತೃಪ್ತರಾಗುವ ಜಾಗದಲ್ಲಿ ಅವನು ಗಕ್ಕನೆ ನಿಲ್ಲುತ್ತಾನೆ, ಸೊಂಟ ತಿರುಗಿಸಿ ಇನ್ನೊಂದು ಕಡೆಯಿಂದ ಪಾರಾಗುತ್ತಾನೆ. ಹಿಂದೆ ನಿಲ್ಲುವುದರ ಲಾಭವೇ ಅದು: ಮುಂದೆ ಎಲ್ಲಿ ಬಾಗಿಲು ತೆರೆಯುತ್ತದೆ ಎಂದು ನೋಡಿಕೊಳ್ಳಲು ಒಂದು ಕ್ಷಣ ಸಿಗುತ್ತದೆ.

ಆ ಋತುವಿನಲ್ಲಿ ಅವನು ಓಡಿದ್ದು 2,628 ಗಜ, ಒಂದು ಋತುವಿನ ಕಾಲೇಜು ದಾಖಲೆ; ಓಟದ ಟಚ್‌ಡೌನ್ 37. ನಿಯಮಿತ ಋತುವಿನ ಕೊನೆಯ ಪಂದ್ಯಕ್ಕೆಂದು ಟೋಕಿಯೊದಲ್ಲಿದ್ದಾಗ, ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಸಿಗುವ ಹೈಸ್ಮನ್ ಪ್ರಶಸ್ತಿಯ ಸುದ್ದಿ ಬಂತು. ಆ ಪಂದ್ಯದಲ್ಲಿ ಟೆಕ್ಸಸ್ ಟೆಕ್ ಎದುರು 332 ಗಜ. ಮುಂದಿನ ವರ್ಷ ವೃತ್ತಿಪರ ತಂಡ ಡೆಟ್ರಾಯಿಟ್ ಲಯನ್ಸ್ ಸೇರಿದ. ಹತ್ತು ಋತುಗಳಲ್ಲಿ 15,269 ಗಜ ಓಡಿ, ಇನ್ನೂ ಆಡಬಲ್ಲವನಾಗಿದ್ದಾಗಲೇ 1999ರಲ್ಲಿ ನಿವೃತ್ತನಾದ.

2,628ನ್ನು ಉಲ್ಲೇಖಿಸುವವರು ಒಂದು ಮಾತು ಸೇರಿಸಲೇಬೇಕು. ಅದು 11 ಪಂದ್ಯಗಳ ಲೆಕ್ಕ. ನಿಯಮಿತ ಋತು ಮುಗಿದ ಮೇಲೆ ನಡೆಯುವ ‘ಬೌಲ್’ ಪಂದ್ಯಗಳಲ್ಲೊಂದಾದ ಹಾಲಿಡೇ ಬೌಲ್‌ನಲ್ಲಿ ವಯೋಮಿಂಗ್ ಎದುರು ಓಡಿದ 222 ಗಜ ಇದರಲ್ಲಿಲ್ಲ. ಬೌಲ್ ಪಂದ್ಯಗಳನ್ನು ಆಗ ಎಣಿಸುತ್ತಿರಲಿಲ್ಲ. 2024ರಲ್ಲಿ ಬಾಯ್ಸಿ ಸ್ಟೇಟ್ ವಿಶ್ವವಿದ್ಯಾಲಯದ ಆ್ಯಶ್ಟನ್ ಜೆಂಟಿ 14 ಪಂದ್ಯಗಳಲ್ಲಿ 2,601 ಗಜ ಓಡಿದಾಗ ‘ದಾಖಲೆ ಕೂದಲೆಳೆಯಲ್ಲಿ ತಪ್ಪಿತು’ ಎಂದರೆ ಅಂಕಿ ಪ್ರಕಾರ ಸರಿ. ಜೆಂಟಿಯದ್ದು ಅದ್ಭುತ ಋತುವೇ. ಆದರೆ ಹಾಲಿಡೇ ಬೌಲ್ ಸೇರಿಸಿದರೆ ಸ್ಯಾಂಡರ್ಸ್‌ನದು 12 ಪಂದ್ಯಗಳಲ್ಲಿ 2,850.